ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿಯ ಲೆಕ್ಕದಲ್ಲಿ: ಬಲ್ಬು, ಬಿಸಿಲು, ನೀರು ನೋಡಿಕೊಂಡು ಹಬ್ಬಕ್ಕೆ ಹೂ ತರುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ನಮ್ಮ ಸೇವಂತಿಗೆ ತೋಟದಲ್ಲಿ ರಾತ್ರಿ ಉರಿಸುವ ಬಲ್ಬುಗಳಲ್ಲಿ ಅಕ್ಕಪಕ್ಕದ ಎರಡು ಕೆಟ್ಟುಹೋದವು. ಜಡಿಮಳೆಯ ದಿನಗಳು. ರಾತ್ರಿ ಆ ಮೂಲೆಗೆ ಯಾರೂ ಹೋಗಿರಲಿಲ್ಲ. ಗೊತ್ತಾಗಿದ್ದು ಹತ್ತು ದಿನದ ಮೇಲೆ. ಹೊಸ ಬಲ್ಬು ಹಾಕಿದೆವು, ಸರಿಹೋಯಿತು ಅಂದುಕೊಂಡೆವು. ಎರಡು ಮೂರು ವಾರ ಬಿಟ್ಟು ಕಳೆ ಕೀಳಲು ಹೋದಾಗ ನೋಡಿದರೆ, ಆ ಎರಡು ಬಲ್ಬಿನ ಕೆಳಗಿನ ಗಿಡ ಮಾತ್ರ ಗಿಡ್ಡ. ಪ್ರತಿ ಕುಡಿಯ ತುದಿಯಲ್ಲೂ ಮೆಣಸಿನ ಕಾಳಿನಷ್ಟು ಮೊಗ್ಗು. ಪಕ್ಕದ ಸಾಲಿನಲ್ಲಿ ಎಲೆ ಬಿಟ್ಟರೆ ಬೇರೇನೂ ಇಲ್ಲ. ಒಂದೇ ನರ್ಸರಿಯ ಸಸಿ, ಒಂದೇ ದಿನದ ನಾಟಿ, ಒಂದೇ ಡ್ರಿಪ್ಪಿನ ನೀರು. ವ್ಯತ್ಯಾಸ ಇದ್ದಿದ್ದು ಆ ಹತ್ತು ರಾತ್ರಿಗಳಲ್ಲಿ ಮಾತ್ರ.

ಬೇಜಾರಾಗಿದ್ದು ಆಮೇಲೆ. ಆ ಮೊಗ್ಗುಗಳು ಅರಳಲೇ ಇಲ್ಲ. ಗಟ್ಟಿಯಾಗಿ, ಹಸಿರಾಗಿ ಹಾಗೇ ಕೂತವು. ಕೆಳಗಿನ ಎಲೆಗಳು ಸೇವಂತಿಗೆ ಎಲೆಯ ಹಾಗೆ ಕಚ್ಚುಕಚ್ಚಾಗಿರದೆ ಸಣ್ಣ ಪಟ್ಟಿಯ ಹಾಗಿದ್ದವು. ಕೆಳಗಿನಿಂದ ಹೊಸ ಕವಲು ಹೊಡೆದು, ಅದು ಬೆಳೆದು ಹೂ ಬರುವಷ್ಟರಲ್ಲಿ ಹಬ್ಬ ಮುಗಿದಿತ್ತು. ಗಿಡ ಹೂ ಬಿಡಲು ಹೊರಟಿತ್ತು, ಅರ್ಧ ದಾರಿಯಲ್ಲಿ ನಾವು ಮತ್ತೆ ದೀಪ ಹಾಕಿ ತಡೆದೆವು. ಹೀಗೆ ಅರ್ಧಕ್ಕೆ ನಿಂತ ಮೊಗ್ಗು ಸಿಕ್ಕಾಗೆಲ್ಲ ಬೆಳಕಿನ ಲೆಕ್ಕ ಎಲ್ಲೋ ತಪ್ಪಿದೆ ಅಂತ ತಿಳಿಯಬಹುದು. ಔಷಧಿ ಅಂಗಡಿಗೆ ಓಡಬೇಕಿಲ್ಲ.

ಆ ಮೂಲೆ ಕಲಿಸಿದ್ದನ್ನೂ, ಆಮೇಲೆ ಓದಿ, ಕೇಳಿ, ಮಾಡಿ ತಿಳಿದುಕೊಂಡಿದ್ದನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಕೋಲಾರದ ಕಡೆ ರಾತ್ರಿ ಹೊತ್ತು ಹೊಲದಲ್ಲಿ ಸಾಲು ಬಲ್ಬು ಉರಿಯುವುದನ್ನು ನೋಡಿ "ಇದ್ಯಾಕೆ?" ಅಂತ ಕೇಳಿದವರಿಗೂ ಇದರಲ್ಲಿ ಉತ್ತರ ಇದೆ.

ಮೊದಲು ಗಿಡದ ಸ್ವಭಾವ ತಿಳಿಯಿರಿ

ಬೆಳಕು ಗಿಡಕ್ಕೆ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಊಟ. ಬಿಸಿಲಿನಲ್ಲಿ ಎಲೆ ಸಕ್ಕರೆ ಮಾಡಿಕೊಳ್ಳುತ್ತದೆ. ಇದಕ್ಕೆ ಬೆಳಕು ಜಾಸ್ತಿ ಬೇಕು, ಹತ್ತಾರು ಸಾವಿರ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಎರಡು, ಗಡಿಯಾರ. ಈಗ ಯಾವ ಕಾಲ, ಹೂ ಬಿಡಬೇಕೋ ಎಲೆ ಬಿಡಬೇಕೋ ಅನ್ನುವುದನ್ನು ಗಿಡ ಬೆಳಕು ಕತ್ತಲೆಯ ಅವಧಿಯಿಂದ ತಿಳಿಯುತ್ತದೆ. ಇದಕ್ಕೆ ನೂರು ಲಕ್ಸ್ ಧಾರಾಳ ಸಾಕು. ನಮ್ಮ ಬಲ್ಬಿನಿಂದ ಗಿಡಕ್ಕೆ ಒಂದು ತುತ್ತು ಊಟವೂ ಸಿಗುವುದಿಲ್ಲ. ಅದು ಗಡಿಯಾರದ ಮುಳ್ಳನ್ನು ಮಾತ್ರ ತಿರುಗಿಸುತ್ತದೆ. ಈ ಎರಡನ್ನೂ ಕಲಸಿಕೊಂಡವರು ಗಿಡ ದಪ್ಪ ಆಗಲಿ ಅಂತ ರಾತ್ರಿಯಿಡೀ ದೀಪ ಹಾಕಿ ಸುಮ್ನೆ ಕರೆಂಟ್ ಬಿಲ್ ಕಟ್ಟುತ್ತಾರೆ.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಮೊದಲು ಸರಿಯಾಗಿ ಬಿಡಿಸಿ ತೋರಿಸಿದರು. ಬೇಸಿಗೆಯಲ್ಲಿ ಎಷ್ಟು ಎತ್ತರ ಬೆಳೆದರೂ ಹೂ ಬಿಡದ ಒಂದು ತಂಬಾಕು ತಳಿ ಅವರ ಹತ್ತಿರ ಇತ್ತು. ಅದನ್ನು ದಿನಾ ಸಂಜೆ ಬೇಗ ಕತ್ತಲೆ ಕೋಣೆಗೆ ಸೇರಿಸಿದರು. ಹೂ ಬಂತು. ಇಂಥ ಗಿಡಗಳಿಗೆ 'ಕಿರುಹಗಲಿನ ಗಿಡ' ಅನ್ನುವ ಹೆಸರು ಬಂದಿದ್ದು ಹಾಗೆ. ಸೇವಂತಿಗೆ ಈ ಗುಂಪಿನದು. ಸೋಯಾ ಅವರೆಯ ಎಷ್ಟೋ ತಳಿಗಳೂ ಇದೇ ಗುಂಪು. ಗಾಂಜಾ ಗಿಡದ ಹೆಚ್ಚಿನ ತಳಿಗಳೂ ಹೀಗೇ ಕತ್ತಲೆ ನೋಡಿ ಹೂ ಕಟ್ಟುತ್ತವೆ. ಅದನ್ನು ಲೈಸೆನ್ಸ್ ಇಲ್ಲದೆ ಬೆಳೆಯುವುದು ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಅಪರಾಧ. ಇಲ್ಲಿರುವುದೆಲ್ಲ ಸೇವಂತಿಗೆಯ ಮಾತು.

ಕಿರುಹಗಲು ಅನ್ನುವ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಗಿಡ ಎಣಿಸುವುದು ಹಗಲನ್ನಲ್ಲ, ರಾತ್ರಿಯನ್ನು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬ ವಿಜ್ಞಾನಿಗಳು ಒಂದು ಮುಳ್ಳುಕಾಯಿಯ ಕಳೆ ಗಿಡದ ಮೇಲೆ ಇದನ್ನು ತೋರಿಸಿದರು. ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿದರೆ ಗಿಡಕ್ಕೆ ಲೆಕ್ಕಕ್ಕೇ ಇಲ್ಲ. ರಾತ್ರಿಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿಟ್ಟರೆ ಹೂ ನಿಂತುಹೋಯಿತು. ಗಿಡಕ್ಕೆ ಬೇಕಿರುವುದು ಮುರಿಯದ ಉದ್ದನೆಯ ಕತ್ತಲೆ. ನಮ್ಮ ಹೊಲದ ಬಲ್ಬಿನ ಗುಟ್ಟೆಲ್ಲ ಇಷ್ಟೇ: ರಾತ್ರಿಯನ್ನು ನಡುವೆ ಮುರಿದುಬಿಡುವುದು. ಮೂರೂವರೆ ಗಂಟೆಯ ಒಂದು ರಾತ್ರಿ, ನಾಲ್ಕೂವರೆ ಗಂಟೆಯ ಇನ್ನೊಂದು ರಾತ್ರಿ. ಎರಡೂ ಗಿಡದ ಲೆಕ್ಕಕ್ಕೆ ತೀರಾ ಚಿಕ್ಕವು. ಇದಿನ್ನೂ ಬೇಸಿಗೆ ಅಂತ ನಂಬಿ ಅದು ಎಲೆ ಬಿಡುತ್ತಾ ಹೋಗುತ್ತದೆ.

ಈ ಲೆಕ್ಕ ನಡೆಯುವುದು ಎಲೆಯಲ್ಲಿ. ಸೋವಿಯತ್ ವಿಜ್ಞಾನಿ ಚೈಲಾಖ್ಯಾನ್ 1930ರ ದಶಕದಲ್ಲಿ ಇದನ್ನು ಕಂಡುಕೊಂಡಿದ್ದು ಸೇವಂತಿಗೆಯ ಮೇಲೇ. ಗಿಡದ ತುದಿಯ ಎಲೆ ತೆಗೆದು, ಕೆಳಗಿನ ಎಲೆಗೆ ಮಾತ್ರ ಉದ್ದ ಕತ್ತಲೆ ಕೊಟ್ಟರು. ಬೆಳಕಿನಲ್ಲೇ ಇದ್ದ ಬೋಳು ತುದಿಯಲ್ಲಿ ಮೊಗ್ಗು ಬಂತು. ಎಲೆಯಿಂದ ಕುಡಿಗೆ ಏನೋ ಒಂದು ಹೋಗುತ್ತದೆ ಅಂತ ಅವರು ತರ್ಕಿಸಿ ಅದಕ್ಕೆ ಫ್ಲೋರಿಜನ್ ಅಂತ ಹೆಸರಿಟ್ಟರು. ಅದು ಒಂದು ಪ್ರೋಟೀನ್ ಅಂತ ಖಚಿತವಾಗಿದ್ದು ಈ ಶತಮಾನದಲ್ಲಿ. 2013ರಲ್ಲಿ ಜಪಾನಿನವರು ಸೇವಂತಿಗೆಯಲ್ಲಿ ಇದರ ಎದುರಾಳಿಯನ್ನೂ ಹುಡುಕಿದರು. ರಾತ್ರಿ ನಡುವೆ ಬೆಳಕು ಬಿದ್ದರೆ ಎಲೆಯಲ್ಲಿ ಹೂ ತಡೆಯುವ ಇನ್ನೊಂದು ಪ್ರೋಟೀನ್ ಹುಟ್ಟಿ ಕುಡಿಗೆ ಹೋಗುತ್ತದೆ. ರೈತನಿಗೆ ಇದರಿಂದ ಏನು ಅಂದರೆ, ಬೆಳಕು ಬೀಳಬೇಕಾದ್ದು ಎಲೆಯ ಮೇಲೆ. ಎಲೆಚುಕ್ಕೆ ರೋಗದಿಂದ ಎಲೆ ಉದುರಿದ ಗಿಡ ದೀಪದ ಮಾತನ್ನೂ ಸರಿಯಾಗಿ ಕೇಳುವುದಿಲ್ಲ, ಕತ್ತಲೆಯ ಮಾತನ್ನೂ ಕೇಳುವುದಿಲ್ಲ.

ನಮ್ಮ ಊರಿನ ಹಗಲು ಎಷ್ಟು?

ಇದು ಎಷ್ಟೋ ಜನ ಬಿಟ್ಟುಬಿಡುವ ವಿಷಯ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು 16 ಗಂಟೆ ದಾಟುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೇ ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ಸೇವಂತಿಗೆಯ ಹೆಚ್ಚಿನ ತಳಿಗಳು ಹಗಲು ಹದಿಮೂರೂವರೆ ಗಂಟೆಗಿಂತ ಕಡಿಮೆ ಆದರೆ ಮೊಗ್ಗು ಕಟ್ಟಲು ಹೊರಡುತ್ತವೆ. ತಳಿಯಿಂದ ತಳಿಗೆ ಇದು ಅರ್ಧ ಮುಕ್ಕಾಲು ಗಂಟೆ ಹೆಚ್ಚು ಕಡಿಮೆ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಯೂರೋಪಿನ ರೈತನಿಗೆ ಬೇಸಿಗೆಯಲ್ಲಿ ಹೂ ಬರಿಸುವುದೇ ಕಷ್ಟ. ಅವನು ಸಂಜೆ ಐದಕ್ಕೇ ಕಪ್ಪು ಬಟ್ಟೆ ಎಳೆದು ಕತ್ತಲೆ ಮಾಡಬೇಕು. ನಮ್ಮ ಕಷ್ಟ ತಿರುಗುಮುರುಗು. ನಮ್ಮಲ್ಲಿ ವರ್ಷವಿಡೀ ರಾತ್ರಿ ಸಾಕಷ್ಟು ಉದ್ದ, ಹಾಗಾಗಿ ಮೊಗ್ಗು ಬೇಗ ಬಂದುಬಿಡುತ್ತದೆ. ಗಿಡ ಒಂದು ಗೇಣು ಎತ್ತರ ಇರುವಾಗಲೇ ತುದಿಯಲ್ಲಿ ಮೊಗ್ಗು ಕಟ್ಟಿದರೆ ಗಿಡಕ್ಕೆ ನಾಲ್ಕು ಹೂ, ಅಷ್ಟೇ. ಚಳಿಗಾಲಕ್ಕೆ ನಾಟಿ ಮಾಡಿದವರಿಗೆ ಇದರ ಅನುಭವ ಚೆನ್ನಾಗಿ ಇರುತ್ತದೆ. ದೀಪ ಹಾಕುವುದು ಮೊಗ್ಗನ್ನು ತಡೆದು ಹಿಡಿದು, ಗಿಡ ಮೈ ತುಂಬಿಕೊಳ್ಳಲು ಸಮಯ ಕೊಡುವುದಕ್ಕೆ. ಆಮೇಲೆ ದೀಪ ಆರಿಸಿದ ದಿನವೇ ಹೂವಿನ ದಿನವನ್ನು ಗೊತ್ತು ಮಾಡುತ್ತದೆ.

ಒಂದನೇ ಹೆಜ್ಜೆ: ಹಬ್ಬದಿಂದ ಹಿಂದಕ್ಕೆ ಎಣಿಸಿ

ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ, ಯುಗಾದಿ. ಹೂವಿಗೆ ಬೆಲೆ ಬರುವುದು ಈ ದಿನಗಳಲ್ಲಿ. ಮೊದಲು ಕ್ಯಾಲೆಂಡರ್ ಹಿಡಿದು ಕೂರಿ.

ತಳಿಗೊಂದು ಅವಧಿ ಇದೆ. ದೀಪ ಆರಿಸಿದ ದಿನದಿಂದ ಹೂ ಅರಳುವವರೆಗೆ ಕೆಲವಕ್ಕೆ 8 ವಾರ, ಕೆಲವಕ್ಕೆ 9, ಇನ್ನು ಕೆಲವಕ್ಕೆ 11, 12 ವಾರ. ಸಸಿ ಕೊಡುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಬಣ್ಣ, ಬೆಲೆ ಎಲ್ಲ ಆಮೇಲೆ. ಅವರಿಗೆ ಗೊತ್ತಿಲ್ಲದಿದ್ದರೆ ಮೊದಲ ಬೆಳೆಯಲ್ಲಿ ನೀವೇ ಬರೆದಿಟ್ಟುಕೊಳ್ಳಿ.

ಉದಾಹರಣೆಗೆ, ಅಕ್ಟೋಬರ್ 1ಕ್ಕೆ ಮೊದಲ ಕೊಯ್ಲು ಬೇಕು, ನಿಮ್ಮದು 9 ವಾರದ ತಳಿ ಅಂತ ಇಟ್ಟುಕೊಳ್ಳಿ. 63 ದಿನ ಹಿಂದಕ್ಕೆ ಹೋದರೆ ಜುಲೈ 30. ಅವತ್ತು ದೀಪ ನಿಲ್ಲಬೇಕು. ಅದಕ್ಕೂ ಮುಂಚೆ ಆರು ವಾರ ದೀಪದ ಕೆಳಗೆ ಬೆಳೆಯಬೇಕು, ಅಂದರೆ ಜೂನ್ 18ಕ್ಕೆ ನಾಟಿ. ಮೂರು ವಾರಕ್ಕೆ, ಜುಲೈ 9ರ ಸುಮಾರಿಗೆ, ಕುಡಿ ಚಿವುಟಬೇಕು. ಚಿವುಟಿದ ಮೇಲೆ ಬರುವ ಕವಲಿಗೆ ಇನ್ನೂ ಮೂರು ವಾರ ದೀಪ ಸಿಗುತ್ತದೆ. ಕವಲು ನಿಂತು ಗಟ್ಟಿಯಾಗಲು ಅಷ್ಟು ಬೇಕೇ ಬೇಕು.

ನಾನು ಇದರ ಮೇಲೆ ನಾಲ್ಕೈದು ದಿನ ಮುಂಚೆಯೇ ಇಟ್ಟುಕೊಳ್ಳುತ್ತೇನೆ. ಗಿಡದ ಮೇಲೆ ಅರಳಿ ನಿಂತ ಹೂ ಮೋಡದ ತಣ್ಣನೆಯ ದಿನಗಳಲ್ಲಿ ಒಂದು ವಾರ ಕಾಯುತ್ತದೆ. ಹಬ್ಬ ಮುಗಿದ ಮಾರನೆಯ ದಿನ ಮಾರ್ಕೆಟ್ಟಿಗೆ ಹೋದ ಹೂವಿಗೆ ಕೇಳುವವರಿಲ್ಲ.

ಎರಡನೇ ಹೆಜ್ಜೆ: ಸಸಿಯ ತಾಯಿ ಎಲ್ಲಿತ್ತು ಕೇಳಿ

ಸೇವಂತಿಗೆ ಸಸಿ ಅಂದರೆ ತಾಯಿಗಿಡದ ಕುಡಿ ಮುರಿದು ಬೇರು ಬರಿಸಿದ್ದು. ತಾಯಿಗಿಡ ದೀಪದ ಕೆಳಗೆ ಇರದಿದ್ದರೆ ಆ ಕುಡಿ ಆಗಲೇ ಮೊಗ್ಗಿನ ಮನಸ್ಸು ಮಾಡಿರುತ್ತದೆ. ಅಂಥ ಸಸಿ ತಂದು ನೀವು ಎಷ್ಟೇ ದೀಪ ಹಾಕಿದರೂ ಹದಿನೈದು ದಿನಕ್ಕೆ ಅದೇ ಅರ್ಧಕ್ಕೆ ನಿಂತ ಮೊಂಡು ಮೊಗ್ಗು. ಬೇರು ಬರಿಸುವ ಟ್ರೇಗಳ ಮೇಲೂ ದೀಪ ಇರಬೇಕು. ನರ್ಸರಿಗೆ ಒಂದು ಸಂಜೆ ಏಳರ ಮೇಲೆ ಹೋಗಿ ಬನ್ನಿ. ತಾಯಿಗಿಡದ ಮೇಲೆ ತಂತಿ, ಬಲ್ಬು ಇದೆಯಾ ಅಂತ ಕಣ್ಣಾರೆ ನೋಡಿ. ಸಸಿ ಕೊಳ್ಳುವಾಗ ಹತ್ತು ಸಸಿಯ ತುದಿ ಬಿಡಿಸಿ ನೋಡುವುದಂತೂ ತಪ್ಪಿಸಬೇಡಿ.

ಮೂರನೇ ಹೆಜ್ಜೆ: ಬಲ್ಬು ಕಟ್ಟುವುದು

ಗಿಡದ ತುದಿಯ ಮಟ್ಟದಲ್ಲಿ 70ರಿಂದ 100 ಲಕ್ಸ್ ಬೆಳಕು ಇದ್ದರೆ ಸಾಕು. 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ (ಬಲ್ಬಿನಿಂದ ಹೊರಡುವ ಒಟ್ಟು ಬೆಳಕಿನ ಅಳತೆ) ಕೊಡುತ್ತದೆ. ಅದರಲ್ಲಿ ಸ್ವಲ್ಪ ಆಚೀಚೆ ಪೋಲಾಗುತ್ತದೆ. 8 ಅಡಿಗೆ 8 ಅಡಿ ಅಂತರದಲ್ಲಿ ಕಟ್ಟಿದರೆ ಸರಾಸರಿ ನೂರು ಲಕ್ಸ್ ಹತ್ತಿರ ಸಿಗುತ್ತದೆ. 10 ಅಡಿಗೆ 10 ಅಡಿ ಆದರೆ ಎಪ್ಪತ್ತರ ಸುಮಾರು. ಗಿಡದ ತುದಿಯಿಂದ ಐದು ಅಡಿ ಎತ್ತರ ಇರಲಿ. ತೀರಾ ಕೆಳಗೆ ಕಟ್ಟಿದರೆ ಬಲ್ಬಿನ ಬುಡದಲ್ಲಿ ಬೆಳಕಿನ ಮಡು, ಎರಡು ಬಲ್ಬಿನ ನಡುವೆ ಕತ್ತಲೆಯ ಹೊಂಡ ಆಗುತ್ತದೆ.

ಆ ಹೊಂಡವೇ ನಮ್ಮ ಶತ್ರು. ಒಂದು ಲಕ್ಸ್ ಮೀಟರ್ ತಗೊಳ್ಳಿ, ಜಾಸ್ತಿ ಬೆಲೆಯದ್ದೇನಲ್ಲ. ಫೋನಿನ ಆ್ಯಪ್ ಕೂಡ ಅಂದಾಜಿಗೆ ಸಾಕು. ರಾತ್ರಿ ಹತ್ತಕ್ಕೆ ಹೊಲಕ್ಕೆ ಹೋಗಿ, ಬಲ್ಬಿನ ನೇರ ಕೆಳಗೆ ಅಳೆಯಬೇಡಿ. ನಾಲ್ಕು ಬಲ್ಬಿನ ನಡುವಿನ ಜಾಗದಲ್ಲಿ, ಮತ್ತೆ ಹೊಲದ ಅಂಚಿನಲ್ಲಿ, ಎಲೆಯ ಮಟ್ಟಕ್ಕೆ ಮೀಟರ್ ಹಿಡಿದು ಅಳೆಯಿರಿ. ಅಂಚಿನ ಸಾಲಿಗೆ ಒಂದೇ ಕಡೆಯಿಂದ ಬೆಳಕು ಬೀಳುವುದರಿಂದ ಅಲ್ಲಿ ಯಾವಾಗಲೂ ಕಡಿಮೆ. ನಾನು ಅಂಚಿನ ಬಲ್ಬುಗಳನ್ನು ಒಂದು ಹೆಜ್ಜೆ ಹತ್ತಿರ ಹತ್ತಿರ ಕಟ್ಟುತ್ತೇನೆ.

ಬಣ್ಣದ ವಿಷಯ. ಗಿಡದ ಗಡಿಯಾರ ಹೆಚ್ಚು ಕೇಳುವುದು ಕೆಂಪು ಬೆಳಕಿನ ಮಾತನ್ನು. ಎಲೆಯೊಳಗೆ ಫೈಟೋಕ್ರೋಮ್ ಅನ್ನುವ ಒಂದು ವರ್ಣಕ ಇದೆ, ಕೆಂಪು ಬಿದ್ದ ಕೂಡಲೇ ಅದು ರೂಪ ಬದಲಿಸುತ್ತದೆ. ಹಾಗಾಗಿ ಅಚ್ಚ ಬಿಳಿ ಬಲ್ಬಿಗಿಂತ ಹಳದಿ ಛಾಯೆಯ ವಾರ್ಮ್ ವೈಟ್ ಮೇಲು. ಹಳೆಯ ತಂತಿ ಬಲ್ಬು ಕೂಡ ಕೆಲಸ ಮಾಡುತ್ತಿತ್ತು, ಆದರೆ ಕರೆಂಟ್ ಸಿಕ್ಕಾಪಟ್ಟೆ ತಿನ್ನುತ್ತಿತ್ತು, ಕಾಂಡವೂ ಸೋರೆಬಳ್ಳಿಯ ಹಾಗೆ ಉದ್ದ ಎಳೆಯುತ್ತಿತ್ತು.

ಖರ್ಚಿನ ಲೆಕ್ಕ ಹೇಳಿಬಿಡುತ್ತೇನೆ. ಎಕರೆಗೆ 43,560 ಚದರ ಅಡಿ. 8 ಅಡಿಯ ಅಂತರಕ್ಕೆ ಸುಮಾರು 680 ಬಲ್ಬು. ಒಟ್ಟು ಆರು ಕಿಲೋವ್ಯಾಟ್ ಚಿಲ್ಲರೆ. ರಾತ್ರಿಗೆ ನಾಲ್ಕು ಗಂಟೆ ಅಂದರೆ 24ರಿಂದ 25 ಯೂನಿಟ್. ಆರು ವಾರಕ್ಕೆ ಸಾವಿರ ಯೂನಿಟ್ಟಿನ ಮೇಲೆ ಸ್ವಲ್ಪ.

ಇದನ್ನು ಮೂರನೇ ಒಂದು ಭಾಗಕ್ಕೆ ಇಳಿಸುವ ದಾರಿ ಇದೆ. ಗಿಡಕ್ಕೆ ನಾಲ್ಕು ಗಂಟೆ ಸತತ ಬೆಳಕು ಬೇಕಿಲ್ಲ. 10 ನಿಮಿಷ ಬೆಳಕು, 20 ನಿಮಿಷ ಕತ್ತಲೆ, ಮತ್ತೆ 10 ನಿಮಿಷ ಬೆಳಕು, ಹೀಗೆ ನಾಲ್ಕು ಗಂಟೆ ಕೊಟ್ಟರೂ ಅದರ ಲೆಕ್ಕ ಮುರಿಯುತ್ತದೆ. ಹೊಲವನ್ನು ಮೂರು ಭಾಗ ಮಾಡಿ, ಒಂದಾದ ಮೇಲೊಂದು ಹತ್ತತ್ತು ನಿಮಿಷ ಹೊತ್ತಿಸುವ ಟೈಮರ್ ಹಾಕಿ. ಒಂದು ಸಲಕ್ಕೆ ಎರಡು ಕಿಲೋವ್ಯಾಟ್ ಲೋಡ್ ಬಿದ್ದರೆ ಆಯಿತು. ಸಣ್ಣ ವೈರು, ಸಣ್ಣ ಜನರೇಟರ್ ಕೂಡ ತಡೆಯುತ್ತದೆ. ಆದರೆ ಈ ಪದ್ಧತಿಯಲ್ಲಿ ಬೆಳಕು ನೂರು ಲಕ್ಸಿಗೆ ಕಡಿಮೆ ಇರಬಾರದು. ಒಂದು ಸುತ್ತು ತಪ್ಪಿದರೂ ಕತ್ತಲೆ ಉದ್ದ ಆಗುತ್ತದೆ, ಅದಕ್ಕೆ ಟೈಮರ್ ಗಟ್ಟಿ ಇರಬೇಕು.

ಟೈಮರ್ ಅಂದಾಗ ನೆನಪಾಯಿತು. ಹಲ್ಲಿನ ಚಕ್ರ ತಿರುಗುವ ಹಳೆಯ ಮಾದರಿ ಕರೆಂಟ್ ಹೋದಾಗ ನಿಂತುಬಿಡುತ್ತದೆ, ಕರೆಂಟ್ ಬಂದಾಗ ನಿಂತಲ್ಲಿಂದ ಶುರು. ದಿನಕ್ಕೆ ಒಂದು ಗಂಟೆ ಕರೆಂಟ್ ಹೋದರೆ ವಾರದಲ್ಲಿ ಏಳು ಗಂಟೆ ಹಿಂದೆ ಬೀಳುತ್ತದೆ. ರಾತ್ರಿ ಹತ್ತಕ್ಕೆ ಹೊತ್ತಬೇಕಾದ ದೀಪ ಬೆಳಗಿನ ಐದಕ್ಕೆ ಹೊತ್ತಿದರೆ ರಾತ್ರಿ ಮುರಿಯುವುದೇ ಇಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ.

ಒದ್ದೆ ಹೊಲದಲ್ಲಿ ಕರೆಂಟ್ ಕೆಲಸ, ದಯವಿಟ್ಟು ಹುಷಾರು. ನೀರು ಹೋಗದ ಹೋಲ್ಡರ್ ಬಳಸಿ. ಜಾಯಿಂಟ್‌ಗಳಿಗೆ ಸುಮ್ನೆ ಟೇಪ್ ಸುತ್ತಿ ಬಿಡಬೇಡಿ. ವೈರಿನ ಭಾರ ಹೊರಲು ಬೇರೆ ತಂತಿ ಎಳೆಯಿರಿ, ವೈರನ್ನು ಅದಕ್ಕೆ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿ. ನೆಲಕ್ಕೆ ಕರೆಂಟ್ ಸೋರಿದ ಕೂಡಲೇ ಕಡಿಯುವ ಬ್ರೇಕರ್ ಇಲ್ಲದೆ ಈ ಲೈನ್ ಚಾಲೂ ಮಾಡಲೇಬಾರದು. ಬೆಳಗ್ಗೆ ಹೂ ಕೊಯ್ಯಲು ಬರುವ ಹೆಂಗಸರು ಬರಿಗಾಲಲ್ಲಿ ಸಾಲಿನ ನಡುವೆ ನಡೆಯುತ್ತಾರೆ.

ನಾಲ್ಕನೇ ಹೆಜ್ಜೆ: ರಾತ್ರಿ 10ರಿಂದ 2

ಸಂಜೆ ಆರಕ್ಕೇ ದೀಪ ಹಾಕಿ ಹತ್ತಕ್ಕೆ ಆರಿಸುವವರು ಇದ್ದಾರೆ. ಆರಿಸಿದ ಮೇಲೆ ಬೆಳಗಿನವರೆಗೆ ಎಂಟು ಗಂಟೆಗೂ ಹೆಚ್ಚು ಸತತ ಕತ್ತಲೆ ಉಳಿಯುತ್ತದೆ. ಕೆಲವು ತಳಿಗೆ ನಡೆಯುತ್ತದೆ, ಕೆಲವು ತಳಿ ನಿಧಾನಕ್ಕೆ ಮೊಗ್ಗಿಗೆ ಹೊರಳುತ್ತವೆ. ಅದೇ ನಾಲ್ಕು ಗಂಟೆಯನ್ನು ನಡುರಾತ್ರಿ ಕೊಟ್ಟರೆ ಯಾವ ಕಡೆಯೂ ಕತ್ತಲೆ ಐದು ಗಂಟೆ ಮೀರುವುದಿಲ್ಲ. ಖರ್ಚು ಅಷ್ಟೇ, ಭದ್ರತೆ ಜಾಸ್ತಿ.

ನಾಟಿ ಮಾಡಿದ ರಾತ್ರಿಯಿಂದಲೇ ಶುರು ಮಾಡಿ. ಕರೆಂಟ್ ಇಲ್ಲದೆ ಒಂದು ರಾತ್ರಿ ತಪ್ಪಿದರೆ ಗಾಬರಿ ಬೇಡ. ಸಾಲಾಗಿ ನಾಲ್ಕೈದು ರಾತ್ರಿ ತಪ್ಪಿದರೆ ಕುಡಿ ತಿರುಗಲು ಶುರುವಾಗುತ್ತದೆ. ವಾರಕ್ಕೆ ಎರಡು ಸಲವಾದರೂ ರಾತ್ರಿ ಹೊಲದ ಸುತ್ತ ನಡೆದು ಕೆಟ್ಟ ಬಲ್ಬು ಹುಡುಕಿ. ನಮಗೆ ಆ ಮೂಲೆ ಕೈ ತಪ್ಪಿದ್ದು ಹೀಗೆ ನಡೆಯದೆ.

ಐದನೇ ಹೆಜ್ಜೆ: ದೀಪ ಆರಿಸಿ, ಕತ್ತಲೆಯನ್ನು ಕಾಯಿರಿ

ಲೆಕ್ಕ ಹಾಕಿದ ದಿನ ಬಂತು, ಆರಿಸಿ. ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು ಬೇಡ, ಒಂದೇ ಸಲ. ಇನ್ನು ಮೊಗ್ಗಿಗೆ ಬಣ್ಣ ಕಾಣುವವರೆಗೆ ರಾತ್ರಿ ಒಂದು ಚೂರೂ ಮುರಿಯಬಾರದು.

ಆರಿಸಿ ಹತ್ತು ಹನ್ನೆರಡು ದಿನಕ್ಕೆ ಒಂದು ಕೆಲಸ ಮಾಡಿ. ಒಂದು ಕುಡಿ ಕಿತ್ತು ತನ್ನಿ. ಸೂಜಿಯಿಂದ ಎಳೆಯ ಎಲೆಗಳನ್ನು ಒಂದೊಂದಾಗಿ ಬಿಡಿಸಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನಟ್ಟನಡುವಿನ ತುದಿ ನೋಡಿ. ಎಲೆ ಬಿಡುತ್ತಿರುವ ಕುಡಿಯಾದರೆ ಅಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಹೊಳೆಯುವ ಒಂದು ಗುಬುಟು, ಅದನ್ನು ಒತ್ತಿಕೊಂಡು ಮುಂದಿನ ಎಲೆ. ಮೊಗ್ಗಿಗೆ ತಿರುಗಿದ ಕುಡಿಯಾದರೆ ಆ ಗುಬುಟು ಅಗಲವಾಗಿ, ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿರುತ್ತದೆ. ಇನ್ನೂ ನಾಲ್ಕು ದಿನ ಬಿಟ್ಟು ನೋಡಿದರೆ ಅದರ ಅಂಚಿನಲ್ಲಿ ರವೆಯ ಕಾಳಿನಂಥ ಚುಕ್ಕೆಗಳು ಸುತ್ತಿಕೊಂಡು ಒಳಗೆ ನಡೆಯುತ್ತಿರುತ್ತವೆ. ಒಂದೊಂದು ಚುಕ್ಕೆಯೂ ಒಂದು ಪುಟ್ಟ ಹೂ. ನಾವು ಒಂದು ಸೇವಂತಿಗೆ ಅನ್ನುವುದು ನಿಜಕ್ಕೂ ನೂರಾರು ಹೂಗಳ ಗುಂಪು, ಅಲ್ವಾ? ಆ ಗುಂಪು ಕೂಡುವುದನ್ನು ಕಣ್ಣಲ್ಲಿ ಕಂಡ ಮೇಲೆ ನನಗೆ ಈ ಬೆಳೆಯ ಮೇಲಿದ್ದ ಪ್ರೀತಿಯೇ ಬೇರೆಯಾಯಿತು.

ಬರಿಗಣ್ಣಿಗೆ ಮೊಗ್ಗು ಕಾಣುವುದು ಮೂರರಿಂದ ನಾಲ್ಕು ವಾರಕ್ಕೆ. ಮಸೂರದಲ್ಲಿ ನೋಡಿದವರಿಗೆ ಎರಡು ವಾರ ಮುಂಚೆಯೇ ಬೆಳೆ ಎಲ್ಲಿದೆ ಅಂತ ಗೊತ್ತಿರುತ್ತದೆ.

ಈ ಹೊತ್ತಿನಲ್ಲಿ ಕದ್ದ ಬೆಳಕು ಬಹಳ ಕೆಡುಕು. ಮನೆ ಮುಂದಿನ ದೀಪ, ದನದ ಕೊಟ್ಟಿಗೆಯ ಬಲ್ಬು, ಪಂಪ್‌ಸೆಟ್ ಮನೆಯ ಟ್ಯೂಬ್‌ಲೈಟ್, ರಸ್ತೆಯ ಕಂಬದ ದೀಪ. ಕಂಬದ ಹತ್ತಿರದ ಸಾಲು ಹಸಿರಾಗೇ ನಿಂತು, ದೂರದ ಸಾಲು ಹೂ ತುಂಬಿರುವುದನ್ನು ನೀವೂ ನೋಡಿರಬಹುದು. ಅಂಥ ಕಡೆ ಒಂದು ಮರೆ ಕಟ್ಟಿ, ಇಲ್ಲವೇ ಮೆಕ್ಕೆಜೋಳದ ನಾಲ್ಕು ಸಾಲು ಹಾಕಿ. ಪಕ್ಕದ ಹೊಲದವರು ಇನ್ನೂ ದೀಪ ಹಾಕುತ್ತಿದ್ದರೆ ಅವರ ಜೊತೆ ಮುಂಚೆಯೇ ಮಾತಾಡಿಕೊಳ್ಳಿ. ಬೆಳದಿಂಗಳಿಗೆ ಹೆದರಬೇಕಿಲ್ಲ. ಹುಣ್ಣಿಮೆಯ ಬೆಳಕು ಒಂದು ಲಕ್ಸಿನ ಕಾಲು ಭಾಗದ ಸುಮಾರು, ಗಿಡ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಪ್ಪು ಹಾಳೆ ಹೊದಿಸುವುದು ನಮ್ಮ ಬಯಲು ಬೆಳೆಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೇ, ಜೂನ್, ಜುಲೈನಲ್ಲಿ ಮುಸ್ಸಂಜೆ, ನಸುಕಿನ ಬೆಳಕೂ ಸೇರಿ ಕೆಲವು ತಳಿಗಳು ತಡ ಮಾಡುತ್ತವೆ. ಪಾಲಿಹೌಸ್ ಇದ್ದವರು ಆಗ ಹೊದಿಸಬಹುದು. ಆದರೆ ಬಿಸಿಲು ಜೋರಾಗಿರುವಾಗಲೇ ಕಪ್ಪು ಹಾಳೆ ಎಳೆದರೆ ಒಳಗೆ ಒಲೆ ಆಗುತ್ತದೆ, ಬಿಸಿಗೆ ಮೊಗ್ಗು ಇನ್ನೂ ತಡ. ಆರೂವರೆಗೆ ಎಳೆದು, ಬೆಳಗ್ಗೆ ಏಳರ ಮೇಲೆ ತೆಗೆಯುವುದು ಒಳ್ಳೆಯದು.

ಬಿಸಿ, ಚಳಿ, ನೀರು, ಗೊಬ್ಬರ

ಕತ್ತಲೆ ಮೊಗ್ಗನ್ನು ಕರೆಯುತ್ತದೆ. ಅದು ಸರಿಯಾಗಿ ಬೆಳೆಯುತ್ತದೋ, ನಡುವೆ ಸೊರಗುತ್ತದೋ ಅನ್ನುವುದು ಈ ನಾಲ್ಕರ ಕೈಯಲ್ಲಿದೆ. ಇವುಗಳಲ್ಲಿ ನಮ್ಮ ಕಡೆ ಹೆಚ್ಚು ಕಾಡುವುದು ಬಿಸಿ.

ಹಗಲು 30 ಡಿಗ್ರಿ ದಾಟಿ, ರಾತ್ರಿಯೂ 25ರ ಹತ್ತಿರ ನಿಂತರೆ ಮೊಗ್ಗು ಹುಟ್ಟಿದ ಮೇಲೂ ಮುಂದೆ ನಡೆಯುವುದಿಲ್ಲ. ಇದಕ್ಕೆ ಬಿಸಿಯ ತಡ ಅನ್ನಬಹುದು. ಸೇವಂತಿಗೆಗೆ ರಾತ್ರಿ 16ರಿಂದ 18 ಡಿಗ್ರಿ ಇದ್ದರೆ ಹಿತ. ಬಯಲುಸೀಮೆಯ ಕಡು ಬೇಸಿಗೆಯಲ್ಲಿ ಕಷ್ಟ ಆಗುವುದು, ಬೆಂಗಳೂರು ಸುತ್ತಿನ ಎತ್ತರದ ನೆಲದಲ್ಲಿ ಅದೇ ತಳಿ ಚೆನ್ನಾಗಿ ಬರುವುದು ಇದೇ ಕಾರಣಕ್ಕೆ. ಮಾರ್ಚ್ ಏಪ್ರಿಲ್‌ನಲ್ಲಿ ಮೊಗ್ಗು ಬೆಳೆಯುವ ಬೆಳೆಗೆ ನಾನು ಒಂದು ವಾರ ಹೆಚ್ಚು ಲೆಕ್ಕ ಹಿಡಿಯುತ್ತೇನೆ. ಕೆಂಪು, ಗುಲಾಬಿ ಹೂಗಳ ಬಣ್ಣ ಬಿಸಿಗೆ ಪೇಲವ ಆಗುತ್ತದೆ. ಬೇಸಿಗೆಗೆ ಹಳದಿ, ಬಿಳಿ ಹಾಕುವುದು ಜಾಣತನ. ಮಧ್ಯಾಹ್ನ ನೆರಳು ಪರದೆ, ಸಂಜೆ ಮೊದಲೇ ಎಲೆ ಒಣಗುವ ಹಾಗೆ ಒಂದು ಸಲ ತುಂತುರು, ಬುಡಕ್ಕೆ ಹುಲ್ಲಿನ ಹೊದಿಕೆ. ಇಷ್ಟರಿಂದ ಎರಡು ಮೂರು ಡಿಗ್ರಿ ಉಳಿಸಬಹುದು.

ಚಳಿ ಅಷ್ಟು ಕೆಟ್ಟದ್ದಲ್ಲ. ಡಿಸೆಂಬರ್ ಜನವರಿಯ ಚಳಿಗೆ ಮೊಗ್ಗು ನಿಧಾನ ಆಗುತ್ತದೆ, ಹೂ ದಪ್ಪ ಬರುತ್ತದೆ. ಬಿಳಿ ಹೂವಿನ ಎಸಳಿಗೆ ಗುಲಾಬಿ ಛಾಯೆ ಬಂದರೆ ರೋಗ ಅಂತ ಔಷಧಿ ಹೊಡೆಯಬೇಡಿ, ಅದು ಚಳಿಯ ಬಣ್ಣ.

ನೀರಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಇದೆ. ಮಲ್ಲಿಗೆಗೆ ನೀರು ನಿಲ್ಲಿಸಿ ಬಾಡಿಸಿ ಹೂ ಬರಿಸುವುದನ್ನು ನೋಡಿದವರು ಸೇವಂತಿಗೆಗೂ ಹಾಗೇ ಮಾಡುತ್ತಾರೆ. ಇದು ಆ ಜಾತಿಯಲ್ಲ. ದೀಪ ಆರಿಸಿದ ಮೊದಲ ಮೂರು ವಾರ ಗಿಡ ಬಾಡಿದರೆ ಮೊಗ್ಗು ತಡ, ಸಂಖ್ಯೆ ಕಡಿಮೆ, ಒಂದು ಗೊಂಚಲಿನಲ್ಲಿ ಒಂದು ಅರಳಿದರೆ ಇನ್ನೊಂದು ಕಾಳಾಗೇ ಇರುತ್ತದೆ. ಹಾಗಂತ ಬುಡದಲ್ಲಿ ನೀರು ನಿಲ್ಲುವ ಹಾಗೆ ಬಿಡುವುದೂ ಬೇಡ. ಈ ಗಿಡದ ಬೇರು ಮೇಲ್ಮಟ್ಟದಲ್ಲೇ ಇರುತ್ತದೆ, ಎರಡು ದಿನ ನೀರು ನಿಂತರೆ ಕೊಳೆಯುತ್ತದೆ. ಏರು ಮಡಿ, ಡ್ರಿಪ್ಪಿನಲ್ಲಿ ದಿನಾ ಸ್ವಲ್ಪ ಸ್ವಲ್ಪ. ಎರಡು ಇಂಚು ಆಳದ ಮಣ್ಣು ಹಿಡಿದು ಹಿಸುಕಿದರೆ ಉಂಡೆ ಆಗಬೇಕು, ನೀರು ಜಿನುಗಬಾರದು.

ಗೊಬ್ಬರ ಎಷ್ಟು ಅನ್ನುವುದನ್ನು ಮಣ್ಣಿನ ಪರೀಕ್ಷೆ ಮಾಡಿಸಿ ತಿಳಿಯಿರಿ. ಯಾವಾಗ ಅನ್ನುವುದು ಇಲ್ಲಿ ಮುಖ್ಯ. ಸಾರಜನಕ ಬೇಕಾಗಿರುವುದು ಮೊದಲ ಏಳು ವಾರ. ಆಗ ಕೊರತೆಯಾದರೆ ಆಮೇಲೆ ಎಷ್ಟು ಸುರಿದರೂ ಹೂವಿನ ಗಾತ್ರ ಬರುವುದಿಲ್ಲ. ಮೊಗ್ಗು ಕಂಡ ಮೇಲೆ ಯೂರಿಯಾ ಹಾಕಿದರೆ ಎಲೆ ಕಡುಹಸಿರಾಗಿ ಮೆತ್ತಗಾಗುತ್ತದೆ, ಸಸ್ಯಹೇನು ಮುತ್ತುತ್ತದೆ, ಕೊಯ್ದ ಹೂ ಬುಟ್ಟಿಯಲ್ಲಿ ಬೇಗ ಕಂದುತ್ತದೆ. ಆಗ ಪೊಟ್ಯಾಷ್ ಕಡೆ ತಿರುಗಿ.

ಮೋಡ ಮುಸುಕಿದ ಆಷಾಢ, ಶ್ರಾವಣದಲ್ಲಿ ಇನ್ನೊಂದು ಕಷ್ಟ. ಕತ್ತಲೆಯ ಲೆಕ್ಕ ಸರಿ ಇರುತ್ತದೆ, ಊಟದ ಬೆಳಕು ಸಾಲುವುದಿಲ್ಲ. ಮೊಗ್ಗು ಬರುತ್ತದೆ, ಕೆಳಗಿನ ಕವಲಿನವು ಕಟ್ಟಿಕೊಳ್ಳದೆ ಒಣಗುತ್ತವೆ. ಮಳೆಗಾಲದ ಬೆಳೆಗೆ ಸಾಲಿನ ಅಂತರ ಸ್ವಲ್ಪ ಹೆಚ್ಚಿಡಿ, ನೆರಳು ಪರದೆ ಇದ್ದರೆ ತೆಗೆದುಬಿಡಿ. ಅರಳಿದ ಹೂವಿನ ಮೇಲೆ ರಾತ್ರಿಯಿಡೀ ನೀರು ಕೂತರೆ ಎಸಳಿನಲ್ಲಿ ಕಂದು ಚುಕ್ಕೆ ಎದ್ದು ಕೊಳೆಯುತ್ತದೆ. ಮಳೆ ಸುಳಿವಿದ್ದರೆ ಮುಕ್ಕಾಲು ಅರಳಿದ್ದನ್ನೇ ಕೊಯ್ದುಬಿಡುವುದು ಮೇಲು.

ಮೊಗ್ಗು ನೋಡಿ ತಪ್ಪು ಹಿಡಿಯುವುದು

ಗಿಡ ಎತ್ತರ ಬೆಳೆದು ಮೊಗ್ಗೇ ಇಲ್ಲ, ಅದೂ ಒಂದು ಕಡೆ ಮಾತ್ರ: ಕದ್ದ ಬೆಳಕು. ಆ ಜಾಗದಲ್ಲಿ ರಾತ್ರಿ ನಿಂತು ಸುತ್ತ ನೋಡಿ, ಯಾವ ದೀಪ ಕಣ್ಣಿಗೆ ಬೀಳುತ್ತದೋ ಅದೇ.

ಪಟ್ಟಿ ಎಲೆಯ ಮೇಲೆ ಮೊಂಡು ಮೊಗ್ಗು: ಕತ್ತಲೆ ಕೊಟ್ಟು ಆಮೇಲೆ ಮುರಿದಿದ್ದೀರಿ, ಇಲ್ಲವೇ ಸಸಿಯೇ ಮೊಗ್ಗು ಹೊತ್ತು ಬಂದಿದೆ. ಆ ತುದಿ ಚಿವುಟಿ, ಕೆಳಗಿನ ಕವಲಿಗೆ ಮೂರು ವಾರ ದೀಪ ಕೊಟ್ಟು ಹೊಸದಾಗಿ ಶುರು ಮಾಡಿ. ಒಂದು ತಿಂಗಳು ಹೋಗುತ್ತದೆ, ಬೆಳೆ ಉಳಿಯುತ್ತದೆ.

ಎಲ್ಲ ಕಡೆ ಸಮನಾಗಿ ಮೊಗ್ಗು ಕಂಡು, ಎರಡು ವಾರದಿಂದ ಹಾಗೇ ಕೂತಿದೆ: ಬಿಸಿ. ತಣ್ಣಗಾದರೆ ತಾನಾಗೇ ಮುಂದೆ ಹೋಗುತ್ತದೆ.

ಮೊಗ್ಗು ಒಂದು ಬದಿಗೆ ಸೊಟ್ಟಗೆ, ಎಸಳಿಗೆ ಬೆಳ್ಳಿ ಬಣ್ಣದ ಗೀರು: ಬೆಳಕಿನ ತಪ್ಪಲ್ಲ, ಥ್ರಿಪ್ಸ್. ಬಿಳಿ ಕಾಗದದ ಮೇಲೆ ಮೊಗ್ಗು ತಟ್ಟಿದರೆ ಕೂದಲೆಳೆಯಂಥ ಹುಳ ಓಡಾಡುತ್ತವೆ.

ಬರೆದಿಡುವ ಪುಸ್ತಕ

ಜಪಾನಿನ ಐಚಿ ಪ್ರಾಂತ್ಯದ ಅತ್ಸುಮಿ ಎಂಬಲ್ಲಿ ದಶಕಗಳಿಂದ ಹೀಗೆ ದೀಪ ಹಾಕಿ ಸೇವಂತಿಗೆ ಬೆಳೆಯುತ್ತಾರೆ. ಓಕಿನಾವಾದಲ್ಲೂ ಬಯಲಿನಲ್ಲಿ ಸಾಲು ಬಲ್ಬು ಉರಿಯುತ್ತವೆ. ಅಲ್ಲಿಯ ಲೆಕ್ಕ ನಮಗೆ ನೇರವಾಗಿ ಬರುವುದಿಲ್ಲ, ಅವರ ಹಗಲೇ ಬೇರೆ. ನಿಮ್ಮ ಹೊಲದ ಲೆಕ್ಕ ನೀವೇ ಮಾಡಿಕೊಳ್ಳಬೇಕು. ಒಂದು ನೋಟ್‌ಬುಕ್ಕಿನಲ್ಲಿ ತಳಿ, ನಾಟಿ ದಿನ, ಚಿವುಟಿದ ದಿನ, ದೀಪ ಆರಿಸಿದ ದಿನ, ಮೊಗ್ಗು ಕಂಡ ದಿನ, ಮೊದಲ ಕೊಯ್ಲಿನ ದಿನ ಬರೆಯಿರಿ. ಕರೆಂಟ್ ಇಲ್ಲದ ರಾತ್ರಿಗಳನ್ನೂ ಗುರುತು ಮಾಡಿ. ಒಂದೇ ತಳಿಯನ್ನು ಮೂರು ಹಬ್ಬಕ್ಕೆ ಬೆಳೆದರೆ ಅದರ ಅವಧಿ ನಿಮ್ಮ ಮಣ್ಣಿನಲ್ಲಿ, ನಿಮ್ಮ ಹವೆಯಲ್ಲಿ ಎಷ್ಟು ಅಂತ ಸ್ಪಷ್ಟ ಆಗುತ್ತದೆ. ಹೊಸ ತಳಿಗಳ ಬಗ್ಗೆ ಕೇಳಲು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಹೋಗುವಾಗ ಈ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.

ನಮ್ಮ ಪುಸ್ತಕದಲ್ಲಿ ಆ ಎರಡು ಬಲ್ಬಿನ ಪುಟದ ಪಕ್ಕ ಕೆಂಪು ಗೆರೆ ಎಳೆದಿದ್ದೇನೆ. ಆ ಬೆಳೆಯಿಂದ ಈಚೆಗೆ ರಾತ್ರಿ ಊಟ ಆದ ಮೇಲೆ, ದೀಪ ಹೊತ್ತುವ ಹತ್ತು ಗಂಟೆಗೆ, ಮನೆಯಲ್ಲಿ ಯಾರಾದರೂ ಒಬ್ಬರು ಟಾರ್ಚ್ ಹಿಡಿದು ಹೊಲದ ನಾಲ್ಕೂ ಮೂಲೆಗೆ ಹೋಗಿ ಬರುತ್ತೇವೆ.